ವನರಾಜನ ಸನ್ನಿಧಿಗೆ

ಊರ ಮುಂದಿನ ಅರಳಿಯ ಮರವನ್ನೋ ಕೆರೆಯ ಏರಿಯ ಮೇಲಣ ಆಲದ ಮರವನ್ನೋ ತೋರಿಸಿ, “ಇದಕ್ಕೆ ವಯಸ್ಸು ಎಷ್ಟು?” ಎಂದು ಹಿರಿಯರನ್ನು ಕೇಳಿ ನೋಡಿರಿ. “ನಮ್ಮ ಅಜ್ಜನ ಕಾಲದಲ್ಲಿಯೂ ಅದು ಹೀಗೆಯೇ ಇತ್ತಂತೆ” ಎಂಬ ಉತ್ತರ ದೊರೆಯುತ್ತದೆ. ಮರದ ಆಯುಸ್ಸಿನ ಮುಂದೆ ಮನುಷ್ಯನ ಆಯುಸ್ಸು ಎಷ್ಟು ಕಿರಿದೆಂಬುದನ್ನು ಈ ಒಂದು ಮಾತೇ ತಿಳಿಸುತ್ತದೆ. ಅಜ್ಜನ ಕಾಲದ ಮಾತು ಹಾಗಿರಲಿ. ಒಂದು ನಾಡಿಗೆ ಮನುಷ್ಯನು ಮೊತ್ತಮೊದಲು ಕಾಲಿಡುವುದಕ್ಕೆ ನೂರಾರು ವರ್ಷಗಳ ಮುಂಚೆಯೇ ಮೊಳೆತು, ಇಂದಿಗೂ ಹಸುರಾಗಿ ನಿಂತಿರುವ ಮರವೊಂದುಂಟು. ಅದು ನ್ಯೂಜಿಲೆಂಡ್ ದೇಶದ ವೈಪೋವ ಎಂಬ ಕಾಡಿನಲ್ಲಿದೆ. ಅದರ ಹೆಸರು ‘ತಾನೆ ಮಹುತ’. ‘ಕಾಡಿನ ಒಡೆಯ’ ಎಂಬುದು ಆ ಹೆಸರಿಗೆ ಜನರು ಹೇಳುವ ಅರ್ಥ.

ಜಗತ್ತಿನ ಮಹಾವೃಕ್ಷಗಳಲ್ಲಿ ಕೆಲವನ್ನು ಕಾಣಬೇಕಾದರೆ ಇಡೀ ದಿನ ಬೆಟ್ಟ ಹತ್ತಬೇಕಾಗುತ್ತದೆ. ತಾನೆ ಮಹುತನ ದರ್ಶನಕ್ಕೆ ಅಷ್ಟು ಕಷ್ಟವಿಲ್ಲ. ಹೆದ್ದಾರಿಯ ಬದಿಯಲ್ಲಿ ವಾಹನದಿಂದ ಇಳಿದು ಐದು ನಿಮಿಷ ನಡೆದರೆ ಸಾಕು, ಮರದ ಮುಂದೆ ನಿಲ್ಲಬಹುದು. ಆದರೆ ಆ ಐದು ನಿಮಿಷದ ದಾರಿಯಲ್ಲಿ ತಿಳಿಯಬೇಕಾದ ಸಂಗತಿಗಳು ಬಹಳ. ಆದುದರಿಂದ ನಾವು ಮನಸ್ಸಿನಲ್ಲಿಯೇ ಆ ದಾರಿಯನ್ನು ಹಿಡಿದು, ಅವಸರಪಡದೆ ನಡೆಯೋಣ.

ನ್ಯೂಜಿಲೆಂಡ್ ಭೂಗೋಳದ ದಕ್ಷಿಣಾರ್ಧದಲ್ಲಿ, ಪೆಸಿಫಿಕ್ ಮಹಾಸಾಗರದಲ್ಲಿರುವ ದೇಶ. ಅದರಲ್ಲಿ ಮುಖ್ಯವಾದ ದ್ವೀಪಗಳು ಎರಡು: ಉತ್ತರ ದ್ವೀಪ ಮತ್ತು ದಕ್ಷಿಣ ದ್ವೀಪ. ಉತ್ತರ ದ್ವೀಪದ ತುದಿಯ ಭಾಗವು ಕೋಲಿನಂತೆ ಉದ್ದವಾಗಿ ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ಪಶ್ಚಿಮ ಕರಾವಳಿಗೆ ಸಮೀಪದಲ್ಲಿ, ಡಾರ್ಗವಿಲ್ ಎಂಬ ಪಟ್ಟಣದಿಂದ ಉತ್ತರಕ್ಕೆ ಅರುವತ್ತು ಕಿಲೋಮೀಟರುಗಳಿಗಿಂತ ತುಸು ಹೆಚ್ಚು ದೂರದಲ್ಲಿ ವೈಪೋವ ಕಾಡು ಇದೆ. ಅಂಕುಡೊಂಕಾದ ರಸ್ತೆಯೊಂದು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಕೆಲವೆಡೆಗಳಲ್ಲಿ ದೊಡ್ಡ ಮರಗಳು ರಸ್ತೆಯ ಅಂಚಿಗೇ ಬಂದು ನಿಂತಿವೆ.

ಕಾಡಿನ ಬಾಗಿಲಿನಲ್ಲಿ ನಮ್ಮನ್ನು ಮೊದಲು ಎದುರುಗೊಳ್ಳುವುದು ಮರವಲ್ಲ, ಒಂದು ಕುಂಚ! ಒಳಗೆ ಹೋಗುವ ಪ್ರತಿಯೊಬ್ಬರೂ ತಮ್ಮ ಪಾದರಕ್ಷೆಯ ಅಡಿಯಲ್ಲಿ ಅಂಟಿರುವ ಮಣ್ಣನ್ನು ಕುಂಚದಿಂದ ಚೆನ್ನಾಗಿ ಉಜ್ಜಿ ತೆಗೆಯಬೇಕು. ಅನಂತರ ರೋಗಾಣುನಾಶಕ ದ್ರವದಿಂದ ಅದನ್ನು ತೋಯಿಸಬೇಕು. ಹಿಂದಿರುಗುವಾಗಲೂ ಇದೇ ಕ್ರಮ. ಹೊರಗಿನಿಂದ ಬಂದವರು ಕೈಕಾಲು ತೊಳೆದುಕೊಂಡು ಮನೆಯೊಳಗೆ ಬರುವುದು, ದೇವಾಲಯದ ಹೊರಗೆ ಪಾದರಕ್ಷೆಗಳನ್ನು ಬಿಡುವುದು ನಮಗೆ ಹೊಸದಲ್ಲ. ಆದರೆ ಕಾಡನ್ನು ಹೊಗುವುದಕ್ಕೆ ಕಾಲಿನ ಮಣ್ಣನ್ನು ತೊಳೆಯಬೇಕೆಂದರೆ ಯಾರಿಗಾದರೂ ಆಶ್ಚರ್ಯವಾಗದೆ ಇರದು. ಕಾಡು ಎಂಬುದೇ ಮಣ್ಣಿನ ಮೇಲೆ ನಿಂತಿರುವಾಗ, ಕಾಲಿಗೆ ಹತ್ತಿದ ಹಿಡಿಮಣ್ಣಿನಿಂದ ಅದಕ್ಕೇನು ಕೇಡು? ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೆಜ್ಜೆಯಿಡೋಣ. ಉತ್ತರ ದಾರಿಯಲ್ಲಿಯೇ ಸಿಗುತ್ತದೆ.

ಕಾಡಿನೊಳಗಿನ ಕಾಲುದಾರಿ ಬರಿಯ ನೆಲದ ಮೇಲೆ ಇಲ್ಲ. ನೆಲದಿಂದ ಮೇಲೆ ಎತ್ತರಿಸಿ ಕಟ್ಟಿದ ಅಟ್ಟಣೆಯಂತಹ ಹಾದಿಯ ಮೇಲೆ ನಾವು ನಡೆಯುತ್ತೇವೆ. ಎರಡು ಬದಿಗಳಲ್ಲಿಯೂ ಕಂಬಿಗಳಿವೆ. ಹಾದಿಯ ಪಕ್ಕದಲ್ಲಿ ತೆಂಗಿನ ಗರಿಗಳನ್ನು ಹೋಲುವ ಎಲೆಗಳ ನಿಕೌ ಎಂಬ ತಾಳೆಯ ಜಾತಿಯ ಮರಗಳೂ, ಕೊಡೆ ಬಿಚ್ಚಿದಂತೆ ಕಾಣುವ ಜರಿಮರಗಳೂ ದಟ್ಟವಾಗಿ ಬೆಳೆದಿವೆ. ಕಾಂಡಗಳ ಮೇಲೆಲ್ಲ ಪಾಚಿ; ಗಾಳಿಯಲ್ಲಿ ತಂಪು. ನಮ್ಮ ಮಲೆನಾಡಿನ ಕಾಡಿನಲ್ಲಿ ನಡೆಯುವವನ ಮನಸ್ಸಿನ ಮೂಲೆಯಲ್ಲಿ ಆನೆ, ಹುಲಿ, ಹಾವುಗಳ ಭಯ ಸ್ವಲ್ಪವಾದರೂ ಇರುತ್ತದೆ. ಇಲ್ಲಿ ಆ ಭಯವಿಲ್ಲ. ನ್ಯೂಜಿಲೆಂಡಿನ ನೆಲದಲ್ಲಿ ಹಾವುಗಳೇ ಇಲ್ಲ. ಬಾವಲಿಗಳನ್ನು ಬಿಟ್ಟರೆ, ನೆಲದ ಮೇಲೆ ಬಾಳುವ ಸಸ್ತನಿಗಳು ಯಾವುವೂ ಆ ದೇಶಕ್ಕೆ ಸಹಜವಾದವುಗಳಲ್ಲ; ಇಂದು ಇರುವುವೆಲ್ಲ ಮನುಷ್ಯನ ಜೊತೆಗೆ ಬಂದವು. ಹೀಗಾಗಿ ಅದು ಬಹುಕಾಲ ಹಕ್ಕಿಗಳ ರಾಜ್ಯವಾಗಿತ್ತು. ಹಾರಲಾರದ ಕಿವಿ ಪಕ್ಷಿ ಇಂದಿಗೂ ವೈಪೋವದಲ್ಲಿ ರಾತ್ರಿಯ ಹೊತ್ತು ಆಹಾರವನ್ನರಸುತ್ತ ಸಂಚರಿಸುತ್ತದೆ.

ಹಾದಿ ಒಂದು ತಿರುವನ್ನು ಪಡೆಯುತ್ತದೆ. ಪೊದರು ಪಕ್ಕಕ್ಕೆ ಸರಿದಂತಾಗಿ, ಎದುರಿಗೆ ಬೂದುಬಣ್ಣದ ಗೋಡೆಯೊಂದು ಕಾಣುತ್ತದೆ. ಅದು ಗೋಡೆಯಲ್ಲ, ಮರದ ಬೊಡ್ಡೆ ಎಂದು ಅರಿವಾಗುವುದಕ್ಕೆ ಒಂದು ಕ್ಷಣ ಬೇಕು. ಕಣ್ಣು ಮೇಲೆ ಮೇಲೆ ಏರುತ್ತದೆ. ಸುಮಾರು ಹದಿನೆಂಟು ಮೀಟರು ಎತ್ತರದವರೆಗೆ, ಎಂದರೆ ಆರು ಅಂತಸ್ತಿನ ಕಟ್ಟಡದಷ್ಟು ಎತ್ತರದವರೆಗೆ, ಕಾಂಡದಲ್ಲಿ ಒಂದು ಕೊಂಬೆಯೂ ಇಲ್ಲ. ನಮ್ಮ ದೇವಾಲಯದ ಕಂಬಗಳನ್ನು ಕಡೆದ ಶಿಲ್ಪಿಯೇ ಇದನ್ನೂ ಕಡೆದನೋ ಎನ್ನುವಂತೆ, ಬುಡದಿಂದ ಮೇಲಕ್ಕೆ ಹೆಚ್ಚೇನೂ ಕಿರಿದಾಗದೆ ಕಾಂಡ ನೇರವಾಗಿ ಎದ್ದು ನಿಂತಿದೆ. ಅಲ್ಲಿಂದ ಮುಂದೆ ಒಂದೊಂದೂ ಒಂದೊಂದು ಮರದಷ್ಟು ದಪ್ಪವಿರುವ ಕೊಂಬೆಗಳು ಆಕಾಶದ ಕಡೆಗೆ ಹರಡಿಕೊಂಡಿವೆ.

ಅಂಕಿಗಳಲ್ಲಿ ಹೇಳುವುದಾದರೆ, ಕಾಂಡದ ಸುತ್ತಳತೆ ಹದಿನಾಲ್ಕು ಮೀಟರುಗಳಿಗೆ ಸಮೀಪವಾಗಿದೆ. ಒಂಬತ್ತು ಹತ್ತು ಮಂದಿ ತೋಳುಗಳನ್ನು ಚಾಚಿ ಕೈಕೈ ಹಿಡಿದುಕೊಂಡರೆ ಮಾತ್ರ ಅದನ್ನು ಒಂದು ಸುತ್ತು ಬಳಸಬಹುದು. ಮರದ ಎತ್ತರವನ್ನು ಬೇರೆ ಬೇರೆ ಸಲ ಅಳೆದಾಗ ನಲವತ್ತೈದರಿಂದ ಐವತ್ತೊಂದು ಮೀಟರುಗಳವರೆಗೆ ಬಂದಿದೆ. ಕಾಂಡವೊಂದರ ಘನಗಾತ್ರವೇ ಸುಮಾರು ೨೪೪ ಘನಮೀಟರು. ಇಂದು ಬದುಕಿರುವ ಕೌರಿ ಮರಗಳಲ್ಲೆಲ್ಲ ಇದೇ ಅತ್ಯಂತ ದೊಡ್ಡದು. ಇದೇ ಕಾಡಿನಲ್ಲಿರುವ ‘ತೆ ಮತುವ ನಹೆರೆ’ ಎಂಬ ಇನ್ನೊಂದು ಕೌರಿ ಎತ್ತರದಲ್ಲಿ ಕಿರಿದಾದರೂ ಬೊಡ್ಡೆಯ ದಪ್ಪದಲ್ಲಿ ಇದನ್ನು ಮೀರಿಸುತ್ತದೆ. ಅದರ ಹೆಸರಿಗೆ ‘ಕಾಡಿನ ತಂದೆ’ ಎಂದು ಅರ್ಥ.

ಇನ್ನು ಮರದ ವಯಸ್ಸಿನ ವಿಚಾರ. ಮರವನ್ನು ಕಡಿದರೆ ಕಾಂಡದ ಒಳಗೆ ಕಾಣುವ ವರ್ಷವಲಯಗಳನ್ನು ಎಣಿಸಿ ವಯಸ್ಸನ್ನು ಹೇಳಬಹುದು. ಆದರೆ ವಯಸ್ಸನ್ನು ತಿಳಿಯುವುದಕ್ಕೋಸ್ಕರ ಇಂತಹ ಮರವನ್ನು ಕಡಿಯುವ ಅವಿವೇಕಿ ಯಾರು? ಆದ್ದರಿಂದ ಅದರ ದಪ್ಪವನ್ನೂ ಆ ಜಾತಿಯ ಮರಗಳು ಬೆಳೆಯುವ ವೇಗವನ್ನೂ ನೋಡಿ ಅಂದಾಜು ಕಟ್ಟುತ್ತಾರೆ. ಆ ಅಂದಾಜಿನಂತೆ ತಾನೆ ಮಹುತನ ವಯಸ್ಸು ೧೨೫೦ರಿಂದ ೨೫೦೦ ವರ್ಷಗಳ ನಡುವೆ ಇರಬೇಕು. ಕಡಮೆಯ ಲೆಕ್ಕವನ್ನೇ ಹಿಡಿದರೂ, ಈ ಮರದ ಬೀಜ ಮೊಳೆತಾಗ ನಮ್ಮ ನಾಡಿನಲ್ಲಿ ರಾಷ್ಟ್ರಕೂಟರು ಆಳುತ್ತಿದ್ದರು. ‘ಕವಿರಾಜಮಾರ್ಗ’ ಇನ್ನೂ ರಚಿತವಾಗಿರಲಿಲ್ಲ. ಹೆಚ್ಚಿನ ಲೆಕ್ಕವನ್ನು ಹಿಡಿದರೆ ನಾವು ಬುದ್ಧನ ಕಾಲದ ಸಮೀಪಕ್ಕೆ ಹೋಗುತ್ತೇವೆ. ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿ ಜನರು ದೋಣಿಗಳಲ್ಲಿ ಸಾಗರವನ್ನು ದಾಟಿ ಆ ನೆಲವನ್ನು ಮುಟ್ಟಿದ್ದು ಸುಮಾರು ಹದಿಮೂರನೆಯ ಶತಮಾನದಲ್ಲಿ. ಆ ವೇಳೆಗಾಗಲೇ ಈ ಮರಕ್ಕೆ ಐನೂರು ವರ್ಷಗಳಾದರೂ ತುಂಬಿದ್ದುವು. ಮನುಷ್ಯನ ಹೆಜ್ಜೆಯ ಸಪ್ಪಳವನ್ನೇ ಕೇಳದೆ ಅದು ಅಷ್ಟು ಕಾಲ ಬೆಳೆದಿತ್ತು.

ಕೌರಿ ಎಂಬುದು ಎಂತಹ ಮರ? ಸಸ್ಯವಿಜ್ಞಾನಿಗಳು ಅದನ್ನು ‘ಅಗಾಥಿಸ್ ಆಸ್ಟ್ರೇಲಿಸ್’ ಎಂದು ಕರೆಯುತ್ತಾರೆ. ದೇವದಾರು, ಪೈನ್ ಮೊದಲಾದವುಗಳಂತೆ ಇದೂ ಶಂಕುಗಳನ್ನು ಬಿಡುವ ಮರ. ಇದರಲ್ಲಿ ಹೂವಿಲ್ಲ, ಶಂಕುಗಳ ಎಸಳುಗಳ ನಡುವೆ ಬೀಜಗಳಾಗುತ್ತವೆ. ಶಂಕು ಬಲಿತಾಗ ಒಡೆದು ಚೂರಾಗಿ, ರೆಕ್ಕೆಯುಳ್ಳ ಬೀಜಗಳು ಗಾಳಿಯಲ್ಲಿ ಹಾರಿಹೋಗುತ್ತವೆ. ಆದರೆ ಪೈನ್ ಮರದ ಎಲೆ ಸೂಜಿಯಂತಿದ್ದರೆ, ಕೌರಿಯ ಎಲೆ ಅಗಲವಾಗಿ ತೊಗಲಿನಂತೆ ಗಡುಸಾಗಿರುತ್ತದೆ. ನ್ಯೂಜಿಲೆಂಡಿನ ಉತ್ತರದ ಬೆಚ್ಚನೆಯ ಭಾಗವನ್ನು ಬಿಟ್ಟರೆ ಜಗತ್ತಿನಲ್ಲಿ ಮತ್ತೆಲ್ಲಿಯೂ ಈ ಮರ ತಾನಾಗಿ ಬೆಳೆಯುವುದಿಲ್ಲ.

ಕೌರಿಯ ಬಾಳಿನ ಕ್ರಮದಲ್ಲಿ ನಾವು ಮೆಚ್ಚಬೇಕಾದ ಸಂಗತಿಗಳು ಹಲವು. ಎಳೆಯ ಕೌರಿ ಗೋಪುರದಂತೆ ಚೂಪಾಗಿ ಮೇಲಕ್ಕೆ ಬೆಳೆಯುತ್ತದೆ. ಸುತ್ತಲಿನ ಮರಗಳನ್ನು ಮೀರಿ ಬೆಳಕನ್ನು ಮುಟ್ಟಿದ ಮೇಲೆ ತನ್ನ ಕೆಳಗಿನ ಕೊಂಬೆಗಳನ್ನು ತಾನೇ ಉದುರಿಸಿಬಿಡುತ್ತದೆ. ಕೊಂಬೆ ಬಿದ್ದ ಕಡೆ ಗಂಟೂ ಉಳಿಯುವುದಿಲ್ಲ. ಅದರ ತೊಗಟೆ ಚಕ್ಕೆಚಕ್ಕೆಯಾಗಿ ಕಳಚಿ ಬೀಳುತ್ತಲೇ ಇರುವುದರಿಂದ ಬಳ್ಳಿಗಳಿಗೆ ಕಾಂಡವನ್ನು ಹಬ್ಬಲು ಹಿಡಿತ ಸಿಗುವುದಿಲ್ಲ. ಹತ್ತಬಂದ ಬಳ್ಳಿ ಚಕ್ಕೆಯೊಡನೆ ಕೆಳಗೆ ಬೀಳುತ್ತದೆ. ಆದರೆ ಮೇಲೆ, ಕೊಂಬೆಗಳು ಕವಲೊಡೆಯುವ ಎಡೆಯಲ್ಲಿ, ಶತಮಾನಗಳಿಂದ ಬಿದ್ದ ಎಲೆ ಕಸಗಳು ಕೊಳೆತು ಗೊಬ್ಬರವಾಗಿ, ಅಲ್ಲೊಂದು ತೂಗುತೋಟವೇ ನಿರ್ಮಾಣವಾಗಿದೆ. ಜರಿಗಿಡಗಳು, ಸೀತಾಳೆಯ ಜಾತಿಯ ಗಿಡಗಳು, ಪೊದೆಗಳು, ಕೆಲವು ವೇಳೆ ಚಿಕ್ಕ ಮರಗಳು ಸಹ ಅಲ್ಲಿ ಬೇರುಬಿಟ್ಟು ಬೆಳೆಯುತ್ತವೆ.

ಬುಡದ ಕಡೆಗೆ ನೋಡೋಣ. ಕಳಚಿದ ತೊಗಟೆಯೂ ಉದುರಿದ ಎಲೆಯೂ ಸೇರಿ ಮರದ ಸುತ್ತ ದಿಬ್ಬದಂತೆ ರಾಶಿಯಾಗಿವೆ. ಮರವನ್ನು ಬೀಳದಂತೆ ಹಿಡಿದಿಡುವ ಬೇರುಗಳು ಆಳಕ್ಕೆ ಇಳಿದಿರುತ್ತವೆ. ಆದರೆ ಆಹಾರವನ್ನು ಹೀರುವ ಬೇರುಗಳು ಹಾಗಲ್ಲ. ಅವು ಕೂದಲಿನಂತೆ ನವುರಾಗಿ, ಈ ಕಸದ ರಾಶಿಯಲ್ಲಿ, ನೆಲದ ಮೇಲ್ಪದರದಲ್ಲಿಯೇ ಹರಡಿಕೊಂಡಿರುತ್ತವೆ. ತಾನು ಉದುರಿಸಿದ ಎಲೆ ಕೊಳೆತ ಕೂಡಲೇ ಅದರ ಸಾರವನ್ನು ಮರ ಮತ್ತೆ ಹೀರಿಕೊಳ್ಳುವ ಏರ್ಪಾಡು ಇದು. ಇಷ್ಟು ಬಲಶಾಲಿಯಾದ ಮರದ ಮರ್ಮಸ್ಥಾನ ಇಲ್ಲಿದೆ. ಬಿರುಗಾಳಿಯನ್ನು ಸಾವಿರ ವರ್ಷ ಎದುರಿಸಿದ ಮರದ ಬೇರು ಮನುಷ್ಯನ ಕಾಲ್ತುಳಿತವನ್ನು ಸಹಿಸಲಾರದು. ಬುಡದ ಮಣ್ಣು ತುಳಿದು ಗಟ್ಟಿಯಾದರೆ ಬೇರುಗಳು ಸಾಯುತ್ತವೆ. ಹಾದಿಯನ್ನು ನೆಲದಿಂದ ಮೇಲೆ ಎತ್ತಿ ಕಟ್ಟಿರುವುದು ಈ ಕಾರಣದಿಂದಲೇ.

ಮಾವೋರಿ ಜನರು ಈ ಮರಕ್ಕೆ ದೇವತೆಯೊಬ್ಬನ ಹೆಸರನ್ನು ಇಟ್ಟಿದ್ದಾರೆ. ಅವರ ಪುರಾಣದ ಪ್ರಕಾರ ಆದಿಯಲ್ಲಿ ಆಕಾಶ ತಂದೆಯಾದ ರಂಗಿನುಯಿ ಮತ್ತು ಭೂಮಿತಾಯಿಯಾದ ಪಾಪತುವಾನುಕು ಒಬ್ಬರನ್ನೊಬ್ಬರು ಬಿಗಿಯಾಗಿ ಅಪ್ಪಿಕೊಂಡಿದ್ದರು. ಅವರ ಮಕ್ಕಳು ಇಬ್ಬರ ನಡುವಿನ ಕತ್ತಲೆಯಲ್ಲಿ ಇಕ್ಕಟ್ಟಿನಿಂದ ಬಾಳಬೇಕಾಗಿತ್ತು. ಕೊನೆಗೆ ಮಕ್ಕಳಲ್ಲಿ ಒಬ್ಬನಾದ ತಾನೆ ಎಂಬುವನು ಭೂಮಿಗೆ ಬೆನ್ನನ್ನೊತ್ತಿ ಮಲಗಿ, ತನ್ನ ಕಾಲುಗಳಿಂದ ಆಕಾಶವನ್ನು ಮೇಲಕ್ಕೆ ತಳ್ಳಿದನು. ಆಗ ಲೋಕಕ್ಕೆ ಬೆಳಕು ಬಂದಿತು. ಜೀವಿಗಳಿಗೆ ಬೆಳೆಯಲು ಎಡೆ ದೊರೆಯಿತು. ತಾಯಿಯ ಮೈಗೆ ಮರಗಳ ಉಡಿಗೆಯನ್ನು ತೊಡಿಸಿದವನೂ ತಾನೆಯೇ. ಅವನೇ ಕಾಡಿಗೂ ಹಕ್ಕಿಗಳಿಗೂ ಒಡೆಯ. ಕೌರಿಯ ಕೆಳಗೆ ನಿಂತು ಮೇಲೆ ನೋಡಿದವನಿಗೆ, ಆಕಾಶವನ್ನು ಎತ್ತಿಹಿಡಿದ ಕಾಲುಗಳ ಕಲ್ಪನೆ ಎಷ್ಟು ಸಹಜವೆಂಬುದು ತಾನಾಗಿಯೇ ಹೊಳೆಯುತ್ತದೆ.

ಹೀಗೆ ಪೂಜ್ಯವೆನಿಸಿದ ಮರಗಳ ಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ಕೊಡಲಿ ಬಿದ್ದಿತು. ಐರೋಪ್ಯರು ಬಂದು ನೆಲಸುವ ಕಾಲಕ್ಕೆ ಕೌರಿಯ ಕಾಡುಗಳು ಸುಮಾರು ಹನ್ನೆರಡು ಲಕ್ಷ ಹೆಕ್ಟೇರುಗಳಷ್ಟು ಹರಡಿದ್ದುವು. ಗಂಟಿಲ್ಲದ, ನೇರವಾದ ಕೌರಿಯ ಮರ ಮೊದಲು ಹಾಯಿಹಡಗುಗಳ ಕಂಬಗಳಿಗೆ ಬೇಕಾಯಿತು. ಅನಂತರ ಮನೆಗಳಿಗೆ, ಸೇತುವೆಗಳಿಗೆ, ದೋಣಿಗಳಿಗೆ ಬೇಕಾಯಿತು. ಎತ್ತುಗಳನ್ನು ಸಾಲಾಗಿ ಹೂಡಿ ದಿಮ್ಮಿಗಳನ್ನು ಎಳೆಸಿದರು. ಎತ್ತುಗಳು ಹೋಗಲಾರದ ಕಡೆ ತೊರೆಗಳಿಗೆ ಮರದ ಕಟ್ಟೆಗಳನ್ನು ಕಟ್ಟಿ ನೀರನ್ನು ನಿಲ್ಲಿಸಿ, ಒಮ್ಮೆಗೇ ಕಟ್ಟೆಯನ್ನು ತೆರೆದು, ಆ ಪ್ರವಾಹದಲ್ಲಿ ದಿಮ್ಮಿಗಳನ್ನು ಕೆಳಕ್ಕೆ ಹರಿಸಿದರು. ಕೌರಿಯ ರಾಳಕ್ಕೂ ಒಳ್ಳೆಯ ಬೆಲೆಯಿತ್ತು. ವಾರ್ನಿಷ್ ಮತ್ತು ಲಿನೋಲಿಯಂ ಎಂಬ ನೆಲಹಾಸಿನ ತಯಾರಿಕೆಗಾಗಿ ಅದು ದೇಶಾಂತರಗಳಿಗೆ ಹೋಗುತ್ತಿತ್ತು. ಸಾವಿರಾರು ಜನರು ಜೌಗುನೆಲವನ್ನು ಅಗೆದು, ಹಿಂದಿನ ಕಾಲದ ಮರಗಳು ಬಿಟ್ಟುಹೋದ ರಾಳದ ಗಟ್ಟಿಗಳನ್ನು ಹುಡುಕಿ ಜೀವನ ಸಾಗಿಸಿದರು. ಉಳಿದ ಕಾಡಿನಲ್ಲಿ ಬಹು ಭಾಗವನ್ನು ಹುಲ್ಲುಗಾವಲಿಗಾಗಿ ಸುಟ್ಟರು. ತಾನೆ ಮಹುತನಿಗಿಂತಲೂ ದಪ್ಪವಾಗಿದ್ದ ಕೌರಿಯೊಂದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ನಾಶವಾಯಿತು. ಹನ್ನೆರಡು ಲಕ್ಷ ಹೆಕ್ಟೇರುಗಳಲ್ಲಿ ಇಂದು ಕೊಡಲಿ ತಾಗದೆ ಉಳಿದಿರುವ ಹಳೆಯ ಕೌರಿಯ ಕಾಡು ಏಳೆಂಟು ಸಾವಿರ ಹೆಕ್ಟೇರುಗಳು ಮಾತ್ರ. ನೂರರಲ್ಲಿ ಒಂದು ಪಾಲೂ ಉಳಿಯಲಿಲ್ಲವೆಂದಾಯಿತು.

ವೈಪೋವ ಉಳಿದದ್ದು ಹೇಗೆ? ದುರ್ಗಮವಾಗಿದ್ದುದರಿಂದ ಅದು ಕೆಲವು ಕಾಲ ಪಾರಾಯಿತು. ೧೯೨೦ರ ದಶಕದಲ್ಲಿ ಕಾಡಿನ ನಡುವೆ ರಸ್ತೆಯನ್ನು ಮಾಡಿದಾಗ, ಆ ಕೆಲಸದಲ್ಲಿ ತೊಡಗಿದ್ದವರು ತಾನೆ ಮಹುತನನ್ನು ಕಂಡು, ಅದರ ಸುದ್ದಿ ಹೊರಗೆ ಹಬ್ಬಿತು. ರಸ್ತೆಯ ಮೂಲಕ ಜನರು ಬಂದು ಮರಗಳನ್ನು ಕಣ್ಣಾರೆ ಕಂಡರು. ೧೯೪೦ರ ದಶಕದಲ್ಲಿ ಸರಕಾರದ ಅರಣ್ಯಾಧಿಕಾರಿಗಳು ವೈಪೋವದಲ್ಲಿಯೂ ಮರ ಕಡಿಯಿಸತೊಡಗಿದಾಗ, ಆಕ್ಲೆಂಡಿನ ಪ್ರಾಣಿವಿಜ್ಞಾನದ ಪ್ರಾಧ್ಯಾಪಕ ವಿಲಿಯಂ ಮೆಕ್‌ಗ್ರೆಗರ್ ಅದನ್ನು ಎದುರಿಸಿ ನಿಂತರು. ಲೇಖನಗಳನ್ನು ಬರೆದರು, ಜನರನ್ನು ಒಗ್ಗೂಡಿಸಿದರು. ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ರುಜು ಹಾಕಿದ ಮನವಿಯೊಂದು ಪಾರ್ಲಿಮೆಂಟಿಗೆ ಸಂದಿತು. ಅದರ ಫಲವಾಗಿ ೧೯೫೨ರಲ್ಲಿ ವೈಪೋವವನ್ನು ರಕ್ಷಿತ ಕಾಡು ಎಂದು ಸಾರಲಾಯಿತು. ಕಾಡನ್ನು ಕಂಡ ಜನರು ಇಲ್ಲದಿದ್ದರೆ ಕಾಡನ್ನು ಉಳಿಸುವ ಜನರೂ ಇರುತ್ತಿರಲಿಲ್ಲ. ಮರದ ಕಡೆಗೆ ಮನುಷ್ಯ ನಡೆದುಬಂದ ದಾರಿಯೇ ಅಂದು ಮರವನ್ನು ಕಾಪಾಡಿತು.

ಆದರೆ ಅದೇ ದಾರಿ ಇಂದು ಮರಕ್ಕೆ ಅಪಾಯದ ದಾರಿಯಾಗಿದೆ. ಇದೀಗ ಬಾಗಿಲಿನ ಕುಂಚದ ಕಥೆಗೆ ಬರೋಣ.

ಈ ಶತಮಾನದ ಮೊದಲ ದಶಕದಲ್ಲಿ, ಆಕ್ಲೆಂಡ್ ನಗರದ ಪಕ್ಕದ ವೈಟಾಕೆರೆ ಬೆಟ್ಟಗಳಲ್ಲಿ ಕೌರಿಯ ಮರಗಳು ಒಂದೊಂದಾಗಿ ಒಣಗತೊಡಗಿದ್ದುವು. ಮೊದಲು ಎಲೆ ಹಳದಿಯಾಗುತ್ತಿತ್ತು. ಅನಂತರ ನೆತ್ತಿಯ ಹಸುರು ತೆಳುವಾಗುತ್ತಿತ್ತು. ಬುಡದ ತೊಗಟೆ ಬಿರಿದು ರಾಳ ಸೋರುತ್ತಿತ್ತು. ಎಳೆಯ ಗಿಡ, ಮುದಿಮರ ಎಂಬ ಭೇದವಿಲ್ಲದೆ ರೋಗ ಹಿಡಿದ ಮರಗಳು ಸಾಯುತ್ತಿದ್ದುವು. ಇದಕ್ಕೆ ಕಾರಣ ಕಣ್ಣಿಗೆ ಕಾಣದ ಒಂದು ಜೀವಿ ಎಂದು ವಿಜ್ಞಾನಿಗಳು ಕಂಡುಹಿಡಿದರು. ೨೦೧೫ರಲ್ಲಿ ಅದಕ್ಕೆ ‘ಫೈಟಾಫ್ತೊರ ಅಗಾಥಿಡಿಸೈಡ’ ಎಂದು ಹೆಸರಿಟ್ಟರು. ಫೈಟಾಫ್ತೊರ ಎಂದರೆ ಗ್ರೀಕ್ ಭಾಷೆಯಲ್ಲಿ ‘ಸಸ್ಯನಾಶಕ’ ಎಂದು ಅರ್ಥ.

ಈ ಹೆಸರು ನಮಗೆ ಹೊಸದಾಗಿ ಕಂಡರೂ ಈ ವಂಶ ನಮಗೆ ಅಪರಿಚಿತವಲ್ಲ. ಮಲೆನಾಡಿನ ಮತ್ತು ಕರಾವಳಿಯ ಅಡಕೆಯ ತೋಟಗಳಲ್ಲಿ ಮಳೆಗಾಲದಲ್ಲಿ ಎಳೆಯ ಕಾಯಿಗಳು ಕೊಳೆತು ಉದುರುವ ‘ಕೊಳೆರೋಗ’ವನ್ನು ಉಂಟುಮಾಡುವುದೂ ಇದೇ ವಂಶದ ಇನ್ನೊಂದು ಜೀವಿ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ, ೧೯೧೦ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರೆತ ಬೋರ್ಡೊ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ನಮ್ಮ ತೋಟಗಾರರಿಗೆ ಕಲಿಸಿಕೊಟ್ಟರು. ಇಂದಿಗೂ ಮಳೆಗಾಲ ಬಂದೊಡನೆ ಅಡಕೆಯ ಬೆಳೆಗಾರರು ಈ ಔಷಧವನ್ನು ಹೊಡೆಯುತ್ತಾರೆ.

ಹಾಗಾದರೆ ಕೌರಿಗೂ ಔಷಧ ಹೊಡೆಯಬಾರದೆ? ಕೊಳೆರೋಗ ಹಿಡಿಯುವುದು ಮೇಲಿನ ಕಾಯಿಗಳನ್ನು. ಕೌರಿಯ ರೋಗವಾದರೋ ಮಣ್ಣಿನಲ್ಲಿದ್ದುಕೊಂಡು ಬೇರನ್ನು ಹಿಡಿಯುತ್ತದೆ. ಆ ಸೂಕ್ಷ್ಮಜೀವಿಯ ಬೀಜಾಣುಗಳು ಒದ್ದೆಮಣ್ಣಿನ ನೀರಿನಲ್ಲಿ ಈಜಿಕೊಂಡು ಹೋಗಿ, ಮೇಲ್ಪದರದ ನವುರಾದ ಬೇರುಗಳನ್ನು ಸೇರುತ್ತವೆ. ಬೇರನ್ನು ಕೊಳೆಯಿಸಿ, ಬೊಡ್ಡೆಯ ಬುಡಕ್ಕೆ ಏರಿ, ನೀರು ಮತ್ತು ಆಹಾರ ಸಾಗುವ ಊತಕಗಳನ್ನು ಕೆಡಿಸುತ್ತವೆ. ಮರ ನಿಂತಲ್ಲಿಯೇ ಹಸಿವು ಬಾಯಾರಿಕೆಗಳಿಂದ ಸಾಯುತ್ತದೆ. ಗಟ್ಟಿಯಾದ ಹೊದಿಕೆಯುಳ್ಳ ಇನ್ನೊಂದು ಬಗೆಯ ಬೀಜಾಣುಗಳು ಒಣಮಣ್ಣಿನಲ್ಲಿಯೂ ವರ್ಷಗಟ್ಟಲೆ ಸಾಯದೆ ಕಾದಿರುತ್ತವೆ. ಮರದ ಕಾಂಡಕ್ಕೆ ಫಾಸ್ಫೈಟ್ ಎಂಬ ರಾಸಾಯನಿಕವನ್ನು ಚುಚ್ಚುಮದ್ದಿನಂತೆ ಹಾಕಿ ರೋಗದ ವೇಗವನ್ನು ತಗ್ಗಿಸಲು ಸಾಧ್ಯವಾಗಿದೆ. ಆದರೆ ರೋಗವನ್ನು ಪೂರ್ತಿಯಾಗಿ ವಾಸಿಮಾಡುವ ಮದ್ದು ಇನ್ನೂ ದೊರೆತಿಲ್ಲ.

ಬೀಜಾಣುಗಳಿಗೆ ರೆಕ್ಕೆಯಿಲ್ಲ. ಅವು ದೂರದ ಕಾಡುಗಳಿಗೆ ಹೋಗುವುದು ಮಣ್ಣಿನ ಜೊತೆಗೆ. ಕಾಡುಹಂದಿಗಳ ಗೊರಸು, ವಾಹನದ ಗಾಲಿ, ಎಲ್ಲಕ್ಕಿಂತ ಹೆಚ್ಚಾಗಿ ಮನುಷ್ಯನ ಪಾದರಕ್ಷೆ ಆ ಮಣ್ಣನ್ನು ಹೊತ್ತೊಯ್ಯುತ್ತವೆ. ಗುಂಡುಸೂಜಿಯ ತಲೆಯಷ್ಟು ಮಣ್ಣು ಸಾಕು, ರೋಗ ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ದಾಟಬಹುದು. ಮರವನ್ನು ಪ್ರೀತಿಸಿ, ಅದನ್ನು ನೋಡಲೆಂದೇ ದೂರದಿಂದ ಬಂದವನು ತನಗೆ ತಿಳಿಯದಂತೆಯೇ ಅದಕ್ಕೆ ಮೃತ್ಯುವನ್ನು ತಂದೊಪ್ಪಿಸಬಹುದು! ಇದಕ್ಕಿಂತ ವಿಷಾದಕರವಾದ ಸಂಗತಿ ಬೇರೇನಿದೆ? ೨೦೧೮ರಲ್ಲಿ ತಾನೆ ಮಹುತನಿಂದ ಕೇವಲ ಅರುವತ್ತು ಮೀಟರು ದೂರದ ಮರವೊಂದಕ್ಕೆ ಈ ರೋಗ ತಗುಲಿರುವುದು ಪತ್ತೆಯಾಯಿತು. ಸಾವಿರಾರು ವರ್ಷ ಬಾಳಿದ ಮರಕ್ಕೂ ಸಾವಿಗೂ ನಡುವೆ ಉಳಿದ ಅಂತರ ಅಷ್ಟೇ.

ಇಂತಹ ಸ್ಥಿತಿಯಲ್ಲಿ ಮಾಡಬೇಕಾದುದೇನು? ಮಾವೋರಿ ಜನರಲ್ಲಿ ‘ರಾಹುಯಿ’ ಎಂಬ ಕಟ್ಟಳೆಯೊಂದಿದೆ. ಕಾಡಿಗೋ ನೀರಿಗೋ ಆಯಾಸವಾಗಿದೆ ಎಂದು ಕಂಡಾಗ, ಅದು ಚೇತರಿಸಿಕೊಳ್ಳುವವರೆಗೆ ಅಲ್ಲಿಗೆ ಯಾರೂ ಹೋಗಬಾರದೆಂದು ಹಿರಿಯರು ನಿರ್ಬಂಧ ಹಾಕುತ್ತಾರೆ. ದೇವರ ಕಾಡಿನಲ್ಲಿ ಕೊಡಲಿ ಆಡಿಸಬಾರದೆಂಬ ಕೊಡಗಿನ ಕಟ್ಟಳೆಯನ್ನು ಬಲ್ಲ ನಮಗೆ ಇದರ ಹಿರಿಮೆ ಸುಲಭವಾಗಿ ಅರ್ಥವಾಗುತ್ತದೆ. ೨೦೧೭ರ ಕೊನೆಯಲ್ಲಿ ವೈಟಾಕೆರೆಯ ಮಾವೋರಿ ಬಣದವರು ತಮ್ಮ ಕಾಡಿಗೆ ರಾಹುಯಿ ಸಾರಿದರು. ಮರುವರ್ಷ ಆಕ್ಲೆಂಡಿನ ನಗರಾಡಳಿತವೂ ಅಲ್ಲಿನ ಕಾಡಿನ ಹಾದಿಗಳನ್ನು ಮುಚ್ಚಿತು. ವೈಪೋವದಲ್ಲಿ ಅಲ್ಲಿನ ಮೂಲನಿವಾಸಿಗಳಾದ ತೆ ರೋರೋವ ಬಣದವರು ಸರಕಾರದ ಸಂರಕ್ಷಣಾ ಇಲಾಖೆಯೊಡನೆ ಸೇರಿ ಕಾಡನ್ನು ಕಾಯುತ್ತಿದ್ದಾರೆ. ಅವರಲ್ಲಿ ಕೆಲವರು ಹಾದಿಯ ಬಾಗಿಲಲ್ಲಿ ನಿಂತು, ಬಂದವರಿಗೆ ವಿಷಯವನ್ನು ತಿಳಿಯಹೇಳಿ, ಪಾದರಕ್ಷೆಗಳನ್ನು ಶುಚಿಮಾಡಿಸುತ್ತಾರೆ. ೨೦೧೩ರಲ್ಲಿ ತೀವ್ರವಾದ ಬರ ಬಂದು ತಾನೆ ಮಹುತ ಬಾಡುವಂತೆ ಕಂಡಾಗ, ಹತ್ತಿರದ ತೊರೆಯಿಂದ ಹತ್ತು ಸಾವಿರ ಲೀಟರು ನೀರನ್ನು ಅದರ ಬುಡಕ್ಕೆ ಹಾಯಿಸಿ ಕಾಪಾಡಿದ್ದೂ ಉಂಟು.

ಮುಚ್ಚಿದರೆ ಮರ ಸುರಕ್ಷಿತ. ಆದರೆ ಕಾಣದ ಮರಕ್ಕಾಗಿ ಮಿಡಿಯುವ ಹೃದಯಗಳು ಕಡಮೆಯಾಗುತ್ತವೆ. ತೆರೆದರೆ ಪ್ರೀತಿ ಬೆಳೆಯುತ್ತದೆ. ಅದರೊಡನೆ ಅಪಾಯವೂ ಬೆಳೆಯುತ್ತದೆ. ಈ ಎರಡರ ನಡುವಣ ಕಿರುದಾರಿಯೇ ನಾವು ನಡೆದುಬಂದ ಅಟ್ಟಣೆಯ ಹಾದಿ. ಅದು ನಿಂತಿರುವುದು ಮರದ ಕಂಬಗಳ ಮೇಲೆ ಮಾತ್ರವಲ್ಲ, ಬರುವವರ ವಿವೇಕದ ಮೇಲೆ. ಸಾವಿರ ಜನರಲ್ಲಿ ಒಂಬೈನೂರ ತೊಂಬತ್ತೊಂಬತ್ತು ಮಂದಿ ಪಾದರಕ್ಷೆಯನ್ನು ತೊಳೆದು, ಒಬ್ಬನು ಮಾತ್ರ ‘ನನ್ನೊಬ್ಬನಿಂದ ಏನಾದೀತು’ ಎಂದು ಉದಾಸೀನ ಮಾಡಿದರೂ, ಉಳಿದವರ ಶ್ರಮವೆಲ್ಲ ವ್ಯರ್ಥವಾಗಬಹುದು.

ಮರದ ಮುಂದೆ ಹಾಕಿರುವ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತು ಹಿಂದಿರುಗೋಣ. ಅಲ್ಲಿಗೆ ಬಂದವರು ತಮಗೆ ತಿಳಿಯದಂತೆಯೇ ಧ್ವನಿಯನ್ನು ತಗ್ಗಿಸಿ ಮಾತನಾಡುತ್ತಾರೆ. ಮರವನ್ನು ಮುಟ್ಟುವುದಕ್ಕಾಗಲಿ ತಬ್ಬಿಕೊಳ್ಳುವುದಕ್ಕಾಗಲಿ ಅವಕಾಶವಿಲ್ಲ, ದೂರದಿಂದಲೇ ನೋಡಬೇಕು. ಪ್ರೀತಿಸಿದುದನ್ನು ಹತ್ತಿರಕ್ಕೆ ಎಳೆದುಕೊಳ್ಳುವುದು ಮನುಷ್ಯನ ಸ್ವಭಾವ. ಪ್ರೀತಿಸಿದುದರ ಒಳಿತಿಗಾಗಿ ಹತ್ತು ಹೆಜ್ಜೆ ದೂರದಲ್ಲಿ ನಿಲ್ಲುವುದನ್ನು ಕಲಿಸುವ ಮರ ಇದು.

ಬಾಗಿಲಿಗೆ ಬಂದೆವು. ಕುಂಚ ಅಲ್ಲಿಯೇ ಇದೆ. ಮತ್ತೊಮ್ಮೆ ಪಾದರಕ್ಷೆಯನ್ನು ಉಜ್ಜಿ ತೊಳೆಯೋಣ. ಮುಂದಿನ ಕಾಡಿನಲ್ಲಿಯೂ ಮರಗಳಿವೆ.

ಅಭ್ಯಾಸ

ಅ. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ:
೧. ‘ತಾನೆ ಮಹುತ’ ಎಂಬ ಹೆಸರಿಗೆ ಜನರು ಹೇಳುವ ಅರ್ಥವೇನು?
೨. ಕೌರಿಯ ಕಾಂಡಕ್ಕೆ ಬಳ್ಳಿಗಳು ಹಬ್ಬಲಾರದಿರುವುದು ಏಕೆ?
೩. ‘ರಾಹುಯಿ’ ಎಂದರೇನು?

ಆ. ಏಳೆಂಟು ವಾಕ್ಯಗಳಲ್ಲಿ ಉತ್ತರಿಸಿರಿ:
೧. ಕೌರಿಯ ಬೇರುಗಳ ರಚನೆಗೂ ಎತ್ತರಿಸಿ ಕಟ್ಟಿದ ಹಾದಿಗೂ ಇರುವ ಸಂಬಂಧವನ್ನು ವಿವರಿಸಿರಿ.
೨. ಅಡಕೆಯ ಕೊಳೆರೋಗಕ್ಕೂ ಕೌರಿಯ ರೋಗಕ್ಕೂ ಇರುವ ಹೋಲಿಕೆ ಮತ್ತು ವ್ಯತ್ಯಾಸಗಳನ್ನು ತಿಳಿಸಿರಿ.
೩. ‘ಮರವನ್ನು ಕಾಪಾಡಿದ ದಾರಿಯೇ ಅದಕ್ಕೆ ಅಪಾಯದ ದಾರಿಯಾಯಿತು.’ ಈ ಮಾತನ್ನು ಸಮರ್ಥಿಸಿರಿ.

ಇ. ನಿಮ್ಮ ಊರಿನಲ್ಲಿರುವ ಅತ್ಯಂತ ಹಳೆಯ ಮರದ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಅದರ ವಿಚಾರವಾಗಿ ಹಿರಿಯರಿಂದ ತಿಳಿದುದನ್ನು ಒಂದು ಪುಟಕ್ಕೆ ಮೀರದಂತೆ ಬರೆಯಿರಿ.